ಅಮ್ಮ ದಡದಲ್ಲಿ, ನಾನು ನೀರಿನಲ್ಲಿ

‘ಕೆರೆ ಕಡೆ ಹೋದ್ರೆ ಕಾಲು ಮುರಿದು ಕೂರಿಸ್ತೀನಿ ನೋಡು.’

ಚಿಕ್ಕಂದಿನಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಬೈಗುಳ ಇದೇ ಇರಬೇಕು. ಹಾಸನದ ಹತ್ತಿರ ನಮ್ಮೂರು. ಹಿತ್ತಿಲಿನಿಂದ ಹತ್ತು ನಿಮಿಷ ನಡೆದರೆ ಕೆರೆ ಏರಿ. ಓರಗೆಯ ಮಕ್ಕಳೆಲ್ಲ ಬೇಸಿಗೆ ರಜೆಯಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಧುಮುಕುತ್ತಿದ್ದರೆ ನಾನು ಜಗಲಿಯಲ್ಲಿ ಚೌಕಾಬಾರ ಆಡುತ್ತಿದ್ದೆ. ಕಾರಣ ಗೊತ್ತಿತ್ತು. ಅಮ್ಮನ ತಮ್ಮ, ನನ್ನ ಮಾಮ, ಹನ್ನೊಂದನೇ ವಯಸ್ಸಿಗೆ ಅಮ್ಮನ ತವರಿನ ಕೆರೆಯಲ್ಲಿ ಹೋಗಿಬಿಟ್ಟಿದ್ದ. ಗೋಡೆಯ ಮೇಲೆ ಅವನದೊಂದು ಕಪ್ಪು-ಬಿಳುಪು ಫೋಟೊ ಇತ್ತು. ಅದಕ್ಕಿಂತ ಹೆಚ್ಚು ಯಾರೂ ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ಕೆಲಸಕ್ಕೆಂದು ಜರ್ಮನಿಯ ಮ್ಯೂನಿಕ್‌ಗೆ ಬಂದ ಮೇಲೆ ಮೊದಲ ಬೇಸಿಗೆಯಲ್ಲೇ ನನ್ನ ಗುಟ್ಟು ರಟ್ಟಾಯಿತು. ಆಫೀಸಿನವರೆಲ್ಲ ಶನಿವಾರ ಬಂತೆಂದರೆ ಸರೋವರಕ್ಕೆ ಹೊರಡುವವರು. ಅವರು ಈಜುತ್ತಿದ್ದರೆ ನಾನು ಚಪ್ಪಲಿ, ಮೊಬೈಲು ಕಾಯುವ ಕೆಲಸ. ಇಲ್ಲಿನ ಮಕ್ಕಳು ಶಾಲೆಗೆ ಸೇರುವ ಹೊತ್ತಿಗೆ ‘ಜೇಫರ್ಡ್‌ಶೆನ್’, ಅಂದರೆ ಕಡಲಕುದುರೆ ಅನ್ನುವ ಬ್ಯಾಡ್ಜಿಗಾಗಿ ಈಜು ಕಲಿಯುತ್ತಾರೆ. 25 ಮೀಟರ್ ಈಜಬೇಕು, ಭುಜದ ಮಟ್ಟದ ನೀರಿನಲ್ಲಿ ಮುಳುಗಿ ತಳದಲ್ಲಿರುವ ವಸ್ತುವೊಂದನ್ನು ಎತ್ತಿ ತರಬೇಕು. ನಾನು ದೊಡ್ಡವರ ಈಜು ತರಗತಿಗೆ ಸೇರಿದೆ. ಮೊದಲ ಮೂರು ವಾರ ಮುಖ ನೀರಿಗೆ ಮುಟ್ಟಿಸಲೂ ಆಗಲಿಲ್ಲ. ಎಂಟು ತಿಂಗಳಾದ ಮೇಲೆ 25 ಮೀಟರ್ ದಾಟಿದೆ. ಆ ದಿನ ಯಾರಿಗಾದರೂ ಫೋನ್ ಮಾಡಿ ಹೇಳಬೇಕು ಅನ್ನಿಸಿದಾಗ ಮೊದಲು ನೆನಪಾದದ್ದು ಅಮ್ಮ. ಹೇಳಲೇ ಬಾರದ ವ್ಯಕ್ತಿಯೂ ಅಮ್ಮನೇ. ಹಾಗೆ ಎರಡು ವರ್ಷ ಮುಚ್ಚಿಟ್ಟೆ.

ಕಳೆದ ಬೇಸಿಗೆಯಲ್ಲಿ ಅಮ್ಮ ಎರಡು ತಿಂಗಳ ಮಟ್ಟಿಗೆ ಬಂದರು. ‘ಬರೀ ಬಿಲ್ಡಿಂಗು ನೋಡಿ ಸಾಕಾಯ್ತು ಕಣೇ, ಬೆಟ್ಟ ಗುಡ್ಡ ಇಲ್ವಾ ಇಲ್ಲಿ?’ ಅಂದದ್ದಕ್ಕೆ ಐಬ್‌ಸೇ ಸರೋವರಕ್ಕೆ ಹೊರಟೆವು. ವಾರಾಂತ್ಯದಲ್ಲಿ ಅಲ್ಲಿ ಜಾತ್ರೆ, ಅದಕ್ಕೇ ಮಂಗಳವಾರ ರಜೆ ಹಾಕಿದ್ದೆ. ಮ್ಯೂನಿಕ್‌ನಿಂದ ಗಾರ್ಮಿಶ್‌ಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ಬಸ್ಸು. ಬ್ಯಾಗಿನಲ್ಲಿ ಚಿತ್ರಾನ್ನ, ಚಪಾತಿ, ಚಟ್ನಿಪುಡಿ. ಎಲ್ಲಕ್ಕಿಂತ ಕೆಳಗೆ, ಟವೆಲಿನಲ್ಲಿ ಸುತ್ತಿದ ನನ್ನ ಈಜುಡುಗೆ. ತೆಗೆಯುತ್ತೇನೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಐಬ್‌ಸೇ ಇರುವುದು ಸಮುದ್ರಮಟ್ಟದಿಂದ 973 ಮೀಟರ್ ಎತ್ತರದಲ್ಲಿ. ಅದರ ನೆತ್ತಿಯ ಮೇಲೆಯೇ ಜರ್ಮನಿಯ ಅತಿ ಎತ್ತರದ ಶಿಖರ ತ್ಸುಗ್‌ಸ್ಪಿಟ್ಸೆ, 2,962 ಮೀಟರ್. ನೀರಿನ ಬಣ್ಣ ಫೋಟೊದಲ್ಲಿ ನೋಡಿದರೆ ಫಿಲ್ಟರ್ ಹಾಕಿದ್ದಾರೆ ಅನ್ನಬೇಕು. ದಡದಲ್ಲಿ ತಿಳಿಹಸಿರು, ಆಳಕ್ಕೆ ಹೋದಂತೆ ನವಿಲುಗರಿಯ ನೀಲಿ. ತಳದ ಸುಣ್ಣಕಲ್ಲು ಒಂದೊಂದೂ ಕಾಣುತ್ತದೆ.

ಅಮ್ಮ ಸುತ್ತಲೂ ನೋಡಿ ಕೇಳಿದ ಮೊದಲ ಪ್ರಶ್ನೆ: ‘ಏರಿ ಎಲ್ಲೇ ಇದಕ್ಕೆ?’

ನಗು ಬಂತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ಕಡೆ ಕೆರೆ ಅಂದರೆ ಯಾರೋ ಕಟ್ಟಿಸಿದ್ದು; ಏರಿ, ತೂಬು, ಕೋಡಿ ಇರಲೇಬೇಕು. ಇಲ್ಲಿ ಆ ಕೆಲಸ ಮಾಡಿದ್ದು ಮಂಜು ಮತ್ತು ಬೆಟ್ಟ. ಹಿಮಯುಗದ ಹಿಮನದಿ ಸರಿದು ಹೋಗುವಾಗ ಇಲ್ಲಿ ತಗ್ಗು ಬಿಟ್ಟು ಹೋಯಿತು. ಆಮೇಲೆ ಸಾವಿರಾರು ವರ್ಷಗಳ ಹಿಂದೆ ಶಿಖರದ ಒಂದು ಭಾಗವೇ ಕುಸಿದು ಬಿತ್ತು. ನೀರಿನ ನಡುವೆ ಕಾಣುವ ಪುಟ್ಟ ದ್ವೀಪಗಳು, ದಾರಿಯುದ್ದಕ್ಕೂ ಇರುವ ದೊಡ್ಡ ಬಂಡೆಗಳು ಆ ಕುಸಿತದ ಉಳಿಕೆ. ಇದನ್ನೆಲ್ಲ ಹೇಳಿದಾಗ ಅಮ್ಮ, ‘ಹಂಗಾದ್ರೆ ಬೆಟ್ಟ ಬಿದ್ದಿದ್ದೇ ಒಳ್ಳೇದಾಯ್ತು ಅನ್ನು’ ಅಂದರು.

ಸರೋವರದ ಸುತ್ತ ಸುಮಾರು ಏಳೂವರೆ ಕಿಲೋಮೀಟರ್ ಕಾಲುದಾರಿ. ಆರಾಮಾಗಿ ನಡೆದರೆ ಎರಡು, ಎರಡೂವರೆ ಗಂಟೆ. ಅಮ್ಮ ಸೀರೆಯ ಕೆಳಗೆ ನನ್ನ ಹಳೇ ಸ್ಪೋರ್ಟ್ಸ್ ಶೂ ಹಾಕಿ ನನಗಿಂತ ಮುಂದೆ ನಡೆಯುತ್ತಿದ್ದರು. ಪೈನ್ ಮರದ ಬೇರು ದಾಟುವಲ್ಲಿ ಮಾತ್ರ ನೆರಿಗೆ ಎತ್ತಿ ಹಿಡಿಯುತ್ತಿದ್ದರು. ಅರ್ಧ ದಾರಿಯಲ್ಲಿ, ಶಿಖರ ಪೂರ್ತಿ ಕಾಣುವ ಕಡೆ ಬೆಂಚು ಸಿಕ್ಕಿತು. ಎದುರಿಗೆ ಐದಾರು ವರ್ಷದ ಹುಡುಗಿಯೊಂದು ಬಂಡೆಯಿಂದ ನೀರಿಗೆ ಹಾರಿತು. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದರು. ಮಗು ಮೇಲೆ ಬಂದು ಕಿಲಕಿಲ ನಕ್ಕ ಮೇಲೂ ಕೈ ಬಿಡಲಿಲ್ಲ.

‘ಡಬ್ಬಿ ತೆಗಿ, ಹೊಟ್ಟೆ ಹಸಿದಿದೆ’ ಅಂತ ಮಾತು ತಿರುಗಿಸಿ ಅವರೇ ಬ್ಯಾಗಿಗೆ ಕೈ ಹಾಕಿದರು. ಚಿತ್ರಾನ್ನದ ಡಬ್ಬಿಯ ಜೊತೆ ಟವೆಲೂ ಬಂತು, ಟವೆಲಿನ ಜೊತೆ ಈಜುಡುಗೆಯೂ.

‘ಯಾವಾಗಿಂದ?’

‘ಎರಡು ವರ್ಷ ಆಯ್ತಮ್ಮ.’

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಚಿತ್ರಾನ್ನ ತಿಂದೆವು. ತಿಂದಾದ ಮೇಲೆ, ನೀರನ್ನೇ ನೋಡುತ್ತಾ, ನಾನು ಹುಟ್ಟಿದಾಗಿನಿಂದ ಹೇಳದಿದ್ದ ಮಾತನ್ನು ಅಮ್ಮ ಹೇಳಿದರು. ಮಾಮ ಹೋದ ದಿನ ಬಟ್ಟೆ ಒಗೆಯಲು ಹೋಗಿದ್ದ ಅಮ್ಮ ದಡದಲ್ಲೇ ಇದ್ದರಂತೆ. ಆಗ ಅವರಿಗೆ ಹದಿನಾಲ್ಕು. ಮೊಣಕಾಲುದ್ದ ನೀರಿನಲ್ಲಿ ಆಡುತ್ತಿದ್ದವನು ಒಂದು ಹೆಜ್ಜೆ ಮುಂದೆ ಇಟ್ಟ, ಅಷ್ಟೇ. ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿ, ರಾಡಿ ನೀರಿನಲ್ಲಿ ಕಂಡಿರಲಿಲ್ಲ. ‘ಮೂರು ಮಾರು ದೂರ ಇದ್ದ ಕಣೇ. ನಂಗೂ ಈಜು ಬರ್ತಿರ್ಲಿಲ್ಲ. ಊರ ಕಡೆ ಓಡಿದೆ. ಜನ ಬರೋಷ್ಟೊತ್ತಿಗೆ...’

ಇಷ್ಟು ವರ್ಷ ಅಮ್ಮ ಹೆದರಿದ್ದು ನೀರಿಗೆ ಅಂದುಕೊಂಡಿದ್ದೆ. ಅವರು ಹೊತ್ತುಕೊಂಡಿದ್ದು ಆ ಮೂರು ಮಾರನ್ನು.

ಸ್ವಲ್ಪ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು, ‘ಹೋಗು. ಆದ್ರೆ ನಂಗೆ ಕಾಣೋ ಹಂಗೆ ಈಜು’ ಅಂದರು.

ಬೆಟ್ಟದ ಸರೋವರದಲ್ಲಿ ಈಜುವುದು ಈಜುಕೊಳದ ಹಾಗಲ್ಲ. ಬಿಸಿಲು ಎಷ್ಟೇ ಇರಲಿ, ನೀರು ತಣ್ಣಗಿರುತ್ತದೆ. ನಡೆದು ಮೈ ಬೆವರಿದಾಗ ನೇರ ಧುಮುಕಿದರೆ ಉಸಿರು ಗಕ್ಕನೆ ಎಳೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಮುಖ ನೀರೊಳಗಿದ್ದರೆ ಒಳ್ಳೆ ಈಜುಗಾರರಿಗೂ ಅಪಾಯ. ಹಾಗಾಗಿ ಮೊದಲು ಹತ್ತು ನಿಮಿಷ ಕೂತು ಸುಧಾರಿಸಿಕೊಳ್ಳಬೇಕು. ಕೈ, ಕುತ್ತಿಗೆ, ಎದೆಗೆ ನೀರು ಚಿಮುಕಿಸಿಕೊಂಡು ಮೆಲ್ಲಗೆ ಇಳಿಯಬೇಕು. ಉಸಿರಾಟ ಹದಕ್ಕೆ ಬಂದ ಮೇಲೇ ಕಾಲು ನೆಲ ಬಿಡಬೇಕು. ದಡಕ್ಕೆ ಸಮಾನಾಂತರವಾಗಿ ಈಜಬೇಕು, ನಡುನೀರಿಗಲ್ಲ. ಮಧ್ಯಾಹ್ನದ ಮೇಲೆ ಮೋಡ ಗುಡುಗಿತೋ, ತಕ್ಷಣ ಮೇಲೆ ಬರಬೇಕು. ಮತ್ತೆ, ಗಾಳಿ ತುಂಬಿದ ಕಿತ್ತಳೆ ಬಣ್ಣದ ಬೋಯ್ ಒಂದನ್ನು ಸೊಂಟಕ್ಕೆ ಕಟ್ಟಿಕೊಂಡಿರಬೇಕು. ದೂರದವರಿಗೆ ಕಾಣುತ್ತದೆ, ಸುಸ್ತಾದರೆ ಹಿಡಿದುಕೊಂಡು ತೇಲಬಹುದು.

ನಾನು ಅದನ್ನು ಊದುವುದನ್ನೇ ನೋಡುತ್ತಿದ್ದ ಅಮ್ಮ, ‘ಇದೇನೇ, ಸೋರೆಬುರುಡೆ ಇದ್ದಂಗಿದೆ!’ ಅಂದರು. ಹಿಂದಿನಿಂದ ಅದರ ಪಟ್ಟಿಯನ್ನು ಅವರೇ ಎರಡು ಸಲ ಎಳೆದು ನೋಡಿದರು.

ಇಳಿದೆ. ಚಳಿಗೆ ಹಲ್ಲು ಕಟಕಟ ಅಂದಿತು. ಉಸಿರು ಎಣಿಸಿದೆ, ಕಾಲು ಬಿಟ್ಟೆ. ನೀರೊಳಗೆ ನನ್ನ ನೆರಳು ತಳದ ಕಲ್ಲಿನ ಮೇಲೆ ನನ್ನ ಜೊತೆಯೇ ಬರುತ್ತಿತ್ತು. ತಲೆ ಎತ್ತಿದರೆ ಬೂದು ಬಂಡೆಯ ಗೋಡೆ ಮುಗಿಲಿನವರೆಗೆ. ಬಲಕ್ಕೆ ತಿರುಗಿದರೆ, ದಡದಲ್ಲಿ ಅಮ್ಮ. ಕೂತಿರಲಿಲ್ಲ. ನಾನು ಈಜಿದಷ್ಟೂ ದೂರ, ನನ್ನ ವೇಗಕ್ಕೆ ಸರಿಯಾಗಿ, ಕೈಯಲ್ಲಿ ಟವೆಲ್ ಹಿಡಿದು ಕಲ್ಲು ದಾಟುತ್ತಾ ನಡೆಯುತ್ತಿದ್ದರು. ನಾನು ತಿರುಗಿದರೆ ಅವರೂ ತಿರುಗುತ್ತಿದ್ದರು. ಸುಮಾರು ಹದಿನೈದು ನಿಮಿಷ ಹೀಗೇ ನಡೆಯಿತು. ಅಷ್ಟೂ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ.

ಮೇಲೆ ಬಂದಾಗ ತಲೆ ಒರೆಸಿದರು, ಚಿಕ್ಕವಳಿದ್ದಾಗ ಒರೆಸುತ್ತಿದ್ದಷ್ಟೇ ಒರಟಾಗಿ. ಆಮೇಲೆ ಶೂ ಬಿಚ್ಚಿ ಕಲ್ಲಿನ ಮೇಲೆ ಕೂತು ಪಾದ ನೀರಿಗಿಟ್ಟರು. ‘ಅಬ್ಬಾ, ಏನು ತಣ್ಣಗಿದೆ’ ಅಂದರೂ ಬಸ್ಸಿಗೆ ಹೊತ್ತಾಗುವವರೆಗೆ ಕಾಲು ತೆಗೆಯಲಿಲ್ಲ.

ಅಮ್ಮ ಊರಿಗೆ ಹೋಗಿ ತಿಂಗಳಾಗಿತ್ತು. ಒಂದು ಭಾನುವಾರ ಅಣ್ಣನ ಫೋನು. ‘ಏನೇ ಮಾಡಿದೆ ಅಮ್ಮಂಗೆ? ನನ್ನ ಮಗನ್ನ ಈಜಿಗೆ ಸೇರಿಸೋವರೆಗೂ ಊಟಕ್ಕೆ ಕರೀಬೇಡ ಅಂತ ಕೂತಿದ್ದಾರೆ.’

ಈಗ ಪ್ರತಿ ಶನಿವಾರ ಬೆಳಗ್ಗೆ ಹಾಸನದಲ್ಲಿ ಏಳು ವರ್ಷದ ಹುಡುಗನೊಬ್ಬ ಈಜು ಕಲಿಯುತ್ತಿದ್ದಾನೆ. ಅಜ್ಜಿ ಕೊಳದ ಅಂಚಿನಲ್ಲಿ ಟವೆಲ್ ಹಿಡಿದು ಅತ್ತಿಂದಿತ್ತ ನಡೆಯುತ್ತಾರಂತೆ. ಕೋಚ್ ಎಷ್ಟು ಹೇಳಿದರೂ ಕುರ್ಚಿಯಲ್ಲಿ ಕೂರುವುದಿಲ್ಲವಂತೆ.