ಬಾಲ ಭಾರವಾದ ವಿಮಾನ

ಅದು ಕಡಲೆ ಕೀಳುವ ಕಾಲ. ಹುನಗುಂದದ ಹತ್ತಿರದ ಒಂದು ಎರೆಹೊಲದಲ್ಲಿ ಬೆಳಗಿನ ಒಂಬತ್ತು ಗಂಟೆಗೆ ನಾವು ಅಣ್ಣತಮ್ಮಂದಿರಿಬ್ಬರು ನಿಂತಿದ್ದೆವು. ಒಬ್ಬನ ಕೈಯಲ್ಲಿ ನಾವೇ ಮಾಡಿದ ವಿಮಾನ, ಇನ್ನೊಬ್ಬನ ಕೈಯಲ್ಲಿ ರಿಮೋಟ್. ಎಸೆದೆವು. ವಿಮಾನ ಮೂಗು ಮೇಲೆತ್ತಿ ಏರಿತು, ಗಾಳಿಯಲ್ಲಿ ನಿಂತಂತಾಯಿತು, ಒಂದು ಪಕ್ಕಕ್ಕೆ ವಾಲಿ ನಮ್ಮತ್ತಲೇ ತಿರುಗಿತು. ಗಾಬರಿಯಲ್ಲಿ ಎಡಕ್ಕೆ ಒತ್ತಬೇಕಾದಲ್ಲಿ ಬಲಕ್ಕೆ ಒತ್ತಿದೆವು. ಪಕ್ಕದ ಹೊಲದಲ್ಲಿ ಕಡಲೆ ಕೀಳುತ್ತಿದ್ದ ಹೆಣ್ಣುಮಕ್ಕಳ ನಡುವೆ ಅದು ಹೋಗಿ ಬಿತ್ತು. ತಿರುಗುತ್ತಿದ್ದ ಪ್ರೊಪೆಲ್ಲರ್ ಒಬ್ಬ ಆಯಿಯ ಮುಂಗೈ ಸೀಳಿತ್ತು.

ಓಡಿಹೋದಾಗ ಆಯಿ ಸೆರಗಿನಿಂದ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದರು. ಉಟ್ಟದ್ದು ಇಳಕಲ್ ಸೀರೆ. ಕೆಂಪು ಸೆರಗು, ಎಷ್ಟು ರಕ್ತ ಹೋಗಿದೆ ಎಂಬುದೇ ಕಾಣುತ್ತಿರಲಿಲ್ಲ. ಬೈಕಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ನಾಲ್ಕು ಹೊಲಿಗೆ ಬಿದ್ದವು. ಆಯಿ ಬೈಯಲಿಲ್ಲ. "ಮಕ್ಕಳ ಆಟಿಗಿ ಸಾಮಾನ ಅಂತ ತಿಳಿದಿದ್ನಿ. ಒಂದು ಗೇಣು ಮ್ಯಾಲ ಬಂದಿದ್ರ ಕಣ್ಣ ಹೋಗತಿತ್ತಲ್ಲೋ ಯಪ್ಪಾ" ಎಂದಷ್ಟೇ ಅಂದರು. ಬೈದಿದ್ದರೆ ನಮಗೆ ಅಂದು ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ನಮ್ಮದು ಇಳಕಲ್ಲಿನ ನೇಕಾರ ಮನೆತನ. ನಮ್ಮಲ್ಲೊಬ್ಬ ಅಬ್ಬಾನ ಜೊತೆ ಮಗ್ಗಕ್ಕೆ ಕೂರುತ್ತಾನೆ. ಇನ್ನೊಬ್ಬ ಬಾಗಲಕೋಟೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದ. ನವನಗರದ ಬಾಡಿಗೆ ಕೋಣೆಯಲ್ಲಿ ಆ ವಿಮಾನದ ಹುಚ್ಚು ಹತ್ತಿದ್ದು. ರಜೆಗೆ ಊರಿಗೆ ಬಂದಾಗ ಅದು ಮನೆಯಲ್ಲಿದ್ದವನಿಗೂ ಅಂಟಿತು. ಶಾಲೆಯ ಮಕ್ಕಳು ಮಾಡೆಲ್ ಮಾಡಲು ಕೊಳ್ಳುವ ಥರ್ಮಾಕೋಲ್ ಹಾಳೆ, ಬಿದಿರ ಕಡ್ಡಿ, ಅಂಟು, ಟೇಪು. ಮೋಟಾರು, ಬ್ಯಾಟರಿ, ರಿಮೋಟ್ ಬೆಂಗಳೂರಿನಿಂದ ಕೊರಿಯರಿನಲ್ಲಿ ಬಂದವು. ರೆಕ್ಕೆಯ ಉದ್ದ 120 ಸೆಂ.ಮೀ., ಅಗಲ 20 ಸೆಂ.ಮೀ., ಒಟ್ಟು ತೂಕ 700 ಗ್ರಾಂ. ಇಷ್ಟು ಹಗುರವಾದದ್ದು ಯಾರಿಗೆ ಏನು ಮಾಡೀತು ಎಂಬುದು ನಮ್ಮ ಲೆಕ್ಕವಾಗಿತ್ತು. ಆದರೆ ಅದರ ಪ್ರೊಪೆಲ್ಲರ್ ನಿಮಿಷಕ್ಕೆ ಏಳೆಂಟು ಸಾವಿರ ಸುತ್ತು ತಿರುಗುತ್ತದೆ. ತೂಕ ಗ್ರಾಮಿನಲ್ಲಿದ್ದರೂ ಅಂಚು ಕತ್ತಿಯದೇ.

ಆಸ್ಪತ್ರೆಯಿಂದ ಬಂದ ಮೇಲೆ ಅಬ್ಬಾ ಆ ಮುರಿದ ವಿಮಾನವನ್ನು ಒಂದು ವಾರ ಮುಟ್ಟಲಿಲ್ಲ, ನಮಗೂ ಮುಟ್ಟಗೊಡಲಿಲ್ಲ. ಎಂಟನೆಯ ದಿನ ಅವರೇ ಎತ್ತಿಕೊಂಡರು. ರೆಕ್ಕೆಯ ಕೆಳಗೆ ಆಚೆಗೊಂದು ಈಚೆಗೊಂದು ಬೆರಳಿಟ್ಟು ತಕ್ಕಡಿಯಂತೆ ಹಿಡಿದರು. ಬಾಲ ಕೆಳಗೆ ಜೋತುಬಿತ್ತು.

"ನೋಡ್ರೋ, ಹಿಂದ ಭಾರ ಐತಿ ಇದು. ತೂಕ ಸರಿ ಇಲ್ಲದ್ದನ್ನ ಮ್ಯಾಲ ಒಗದ್ರ ಅದು ಹೆಂಗ ನಿಂದರಬೇಕು?"

ಅವರು ವಿಮಾನ ಹತ್ತಿದವರಲ್ಲ. ಆದರೆ ಹತ್ತಿಯ ಹಾಸನ್ನು ರೇಷ್ಮೆಯ ಸೆರಗಿನ ಹಾಸಿಗೆ ಕೊಂಡಿ ಹಾಕಿ ಜೋಡಿಸುವುದು ಅವರ ಕಸುಬು. ಎರಡೂ ಕಡೆಯ ಬಿಗಿ ಒಂದೇ ಇಲ್ಲದಿದ್ದರೆ ಇಡೀ ಸೀರೆ ಕೆಡುತ್ತದೆ. ನಾವು ಪುಸ್ತಕದಲ್ಲಿ ಓದಿ ಮರೆತದ್ದು ಅವರ ಬೆರಳಿಗೆ ಗೊತ್ತಿತ್ತು. ಇಂಥ ಕಲಿಕೆಯ ವಿಮಾನದ ತೂಕ ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗದಷ್ಟು, ಹೆಚ್ಚೆಂದರೆ ಮೂರನೆಯ ಒಂದು ಭಾಗದೊಳಗೆ ಸಮವಾಗಬೇಕು. ನಮ್ಮದಕ್ಕೆ ಅದು 5ರಿಂದ 6 ಸೆಂ.ಮೀ. ನಾವು ಬ್ಯಾಟರಿಯನ್ನು ಕೈಗೆ ಸುಲಭವಾಗಲಿ ಎಂದು ಹಿಂದೆ ಇಟ್ಟಿದ್ದೆವು. ಹಿಂದೆ ಭಾರವಾದರೆ ಮೂಗು ಏಳುತ್ತದೆ, ವೇಗ ಸಾಯುತ್ತದೆ, ರೆಕ್ಕೆಯ ಮೇಲಿನ ಗಾಳಿಯ ಹರಿವು ಹರಿದು ವಿಮಾನ ಕುಸಿಯುತ್ತದೆ. ಬ್ಯಾಟರಿಯನ್ನು ಮೂಗಿನೊಳಗೆ ತಂದರೆ ಮುಗಿಯುತ್ತಿತ್ತು. ನಾಲ್ಕು ಹೊಲಿಗೆಯ ಕಾರಣ ಇಷ್ಟೇ ಚಿಕ್ಕದು.

ಒಂಬತ್ತನೆಯ ಶತಮಾನದ ಕೊರ್ಡೊಬಾದಲ್ಲಿ ಅಬ್ಬಾಸ್ ಇಬ್ನ್ ಫಿರ್ನಾಸ್ ಎಂಬ ವಿದ್ವಾಂಸ ಮೈಗೆ ಗರಿ ಕಟ್ಟಿಕೊಂಡು ಹಾರಿದನೆಂದು ಅಲ್ ಮಕ್ಕರಿ ಎಂಬ ಚರಿತ್ರೆಕಾರ 17ನೇ ಶತಮಾನದಲ್ಲಿ ಬರೆದಿದ್ದಾನೆ. ಇಳಿಯುವಾಗ ಆತನ ಬೆನ್ನಿಗೆ ಪೆಟ್ಟಾಯಿತಂತೆ. ಹಕ್ಕಿ ಇಳಿಯುವುದು ಬಾಲದ ಬಲದಿಂದ, ಆತ ಬಾಲ ಮಾಡಿಕೊಂಡಿರಲಿಲ್ಲ ಎಂಬುದು ಆ ಕಥೆಯ ವಿವರಣೆ. ಅವನಿಗೆ ಬಾಲವೇ ಇರಲಿಲ್ಲ, ನಮ್ಮದಕ್ಕೆ ಬಾಲವೇ ಭಾರ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಆತ ತನ್ನ ತಪ್ಪನ್ನು ತನ್ನ ಬೆನ್ನಿನ ಮೇಲೆ ಹೊತ್ತುಕೊಂಡ. ನಾವು ನಮ್ಮ ತಪ್ಪನ್ನು ಕೂಲಿಗೆ ಬಂದ ಒಬ್ಬ ಮುದುಕಿಯ ಕೈಗೆ ಹೊರಿಸಿದೆವು.

ಮುಂದಿನ ಒಂದು ವರ್ಷ ನಾವು ಹಾರಿಸಲಿಲ್ಲ, ಕಲಿತೆವು. ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ನೂರಾರು ಸಲ ಬೀಳಿಸಿದೆವು. ವಿಮಾನ ನಮ್ಮ ಕಡೆ ಬರುವಾಗ ಎಡಬಲ ತಿರುವುಮುರುವಾಗುತ್ತದೆ; ಆಗ ಯಾವ ರೆಕ್ಕೆ ತಗ್ಗಿದೆಯೋ ಆ ಬದಿಗೇ ಕಡ್ಡಿ ಒತ್ತಬೇಕು, ಬಿದ್ದವನಿಗೆ ಊರುಗೋಲು ಕೊಟ್ಟ ಹಾಗೆ. ಎಲ್ಲಕ್ಕಿಂತ ಮೊದಲ ಪಾಠ: ಗಾಬರಿಯಾದರೆ ಮೊದಲು ಮೋಟಾರು ನಿಲ್ಲಿಸು. ಅಂದು ನಾವು ಅಷ್ಟು ಮಾಡಿದ್ದರೂ ಸಾಕಿತ್ತು. ವಿಮಾನ ಮುರಿದರೆ ಅಂಟು ಹಚ್ಚಬಹುದು.

ಬ್ಯಾಟರಿಯ ಬಗ್ಗೆ ಅಬ್ಬಾನ ಕಾನೂನು ಬೇರೆ. ಈ ಲಿಥಿಯಂ ಪಾಲಿಮರ್ ಬ್ಯಾಟರಿಗಳು ಜಜ್ಜಿದರೆ, ಅತಿಯಾಗಿ ಚಾರ್ಜ್ ಆದರೆ ಉಬ್ಬಿ ಬೆಂಕಿ ಹತ್ತಿಕೊಳ್ಳುತ್ತವೆ. ಮನೆ ತುಂಬ ಹತ್ತಿ, ರೇಷ್ಮೆಯ ನೂಲು. ಆದ್ದರಿಂದ ಮಗ್ಗದ ಕೋಣೆಗೆ ಅದು ಬರುವಂತಿಲ್ಲ. ಅಂಗಳದಲ್ಲಿ ಮರಳು ಹಾಕಿದ ಮಣ್ಣಿನ ಮಡಕೆಯಲ್ಲಿಟ್ಟೇ ಚಾರ್ಜ್ ಮಾಡಬೇಕು, ಮುಗಿಯುವ ತನಕ ಒಬ್ಬ ಎದುರಿಗೆ ಕೂತಿರಬೇಕು, ರಾತ್ರಿ ಹಚ್ಚಿಟ್ಟು ಮಲಗುವಂತಿಲ್ಲ. ಒಂದೊಂದು ಸೆಲ್ 4.2 ವೋಲ್ಟ್ ದಾಟಬಾರದು. ಬಳಸದೆ ಇಡುವಾಗ 3.8ರ ಆಸುಪಾಸಿನಲ್ಲಿರಬೇಕು. ಅಬ್ಬಾಗೆ ವೋಲ್ಟು ಗೊತ್ತಿಲ್ಲ, ಆದರೆ ಮೀಟರ್ ತೋರಿಸದೆ ಅವರು ಬಿಡುವುದಿಲ್ಲ.

ಬಾದಾಮಿಯ ಮಾಮು ಒಮ್ಮೆ ಕರೆದರು. "ಅಗಸ್ತ್ಯ ತೀರ್ಥದ ಮ್ಯಾಲ ಹಾರಸ್ರಿ, ಊರಿಗೂರೇ ನೋಡತೈತಿ" ಎಂದರು. ಆಸೆಯಾಗದೆ ಇರಲಿಲ್ಲ. ಹೋಗಿ ನೋಡಿ ಬಂದೆವು, ಹಾರಿಸಲಿಲ್ಲ. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳ ಜಾಗ. ಅನುಮತಿಯಿಲ್ಲದೆ ಅಲ್ಲಿ ಇಂಥದ್ದನ್ನು ಹಾರಿಸುವಂತಿಲ್ಲ. ಮೂರನೆಯ ಗುಹೆಯ ಶಾಸನ 578ನೇ ಇಸವಿಯದು. ಅಂಥ ಕಲ್ಲಿಗೆ ನಮ್ಮ ಥರ್ಮಾಕೋಲಿನಿಂದ ಏನೂ ಆಗಲಿಕ್ಕಿಲ್ಲ, ಆದರೆ ಕೆಳಗೆ ಜನರಿರುತ್ತಾರೆ. ಆ ಕೆಂಪು ಬಂಡೆಗಳಿಗೆ ಬಡಿದ ಗಾಳಿ ಸುಳಿಯಾಗಿ ತಿರುಗುತ್ತದೆ. ಪಳಗಿದ ಕೈಯೂ ಅಲ್ಲಿ ಸೋಲುತ್ತದೆ. ಹಾರುವವರನ್ನು ನೋಡಬೇಕೆಂದರೆ ಐಹೊಳೆಯ ಶಿಲ್ಪಗಳಲ್ಲಿ ಗಂಧರ್ವರಿದ್ದಾರೆ, ಅವರು ಯಾರ ಮೇಲೂ ಬೀಳುವುದಿಲ್ಲ ಎಂದು ಮಾಮುಗೆ ಹೇಳಿ ನಕ್ಕೆವು.

2021ರ ಆಗಸ್ಟಿನಲ್ಲಿ ಬಂದ ಡ್ರೋನ್ ನಿಯಮಗಳನ್ನೂ ಓದಿದೆವು. ಕಲಿಕೆಗೆ, ಹವ್ಯಾಸಕ್ಕೆ, ಕಣ್ಣಳತೆಯೊಳಗೇ ಹಾರಿಸುವ ಮಾದರಿ ವಿಮಾನಗಳನ್ನು ಅದು ಪ್ರತ್ಯೇಕವಾಗಿ ಗುರುತಿಸುತ್ತದೆ. ನಕ್ಷೆಯಲ್ಲಿ ಹಸಿರು ಬಣ್ಣದ ಜಾಗದಲ್ಲಿ 400 ಅಡಿಯ ಮಿತಿ; ಹಳದಿ, ಕೆಂಪು ಜಾಗಗಳಿಗೆ ಅನುಮತಿ ಬೇಕು. ನಾವು ನೂರೈವತ್ತು ಅಡಿ ದಾಟಬಾರದೆಂದು ನಮಗೆ ನಾವೇ ಗೆರೆ ಹಾಕಿಕೊಂಡೆವು. ಕ್ಯಾಮೆರಾ ಹಚ್ಚಲಿಲ್ಲ. ಈ ಕಾಲದಲ್ಲಿ ಆಕಾಶದಲ್ಲಿ ಏನಾದರೂ ಹಾರಿದರೆ ಕೆಳಗಿದ್ದವರಿಗೆ ಹತ್ತು ಅನುಮಾನ. ನಮ್ಮ ಹೆಸರು ಕೇಳಿದ ಮೇಲೆ ಅದು ಹನ್ನೊಂದಾಗುತ್ತದೆ. ಅದಕ್ಕೆ ಸಿಟ್ಟಾಗಿ ಪ್ರಯೋಜನವಿಲ್ಲವೆಂದು ಮೊದಲೇ ಠಾಣೆಗೆ ಹೋಗಿ ವಿಮಾನ ತೋರಿಸಿದೆವು. ಹೊಲದವರನ್ನು ಕೇಳಿದೆವು. ಕೊನೆಗೆ ಆಯಿಯ ಮನೆಯ ಬಾಗಿಲಿಗೆ ಹೋದೆವು.

ಆಯಿ ಮುಂಗೈಯ ಗೆರೆ ಸವರುತ್ತ ಕೇಳಿದರು: "ಮತ್ತ ಹಾರಸ್ತೀರೇನು?"

"ನೀವು ಬ್ಯಾಡ ಅಂದ್ರ ಇಲ್ಲ, ಆಯಿ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಪೀಕು ಮನಿಗೆ ಬರಲಿ. ಹೊಲದಾಗ ಯಾರೂ ಇರಂಗಿಲ್ಲ, ಆವಾಗ ಹಾರಸ್ರಿ."

ನಾವು ಓದಿದ ಸುರಕ್ಷತೆಯ ಪಾಠಗಳೆಲ್ಲ ಆ ಒಂದು ಮಾತಿನಲ್ಲಿದ್ದವು.

ಮಾರ್ಚಿನಲ್ಲಿ ಕಡಲೆ, ಜೋಳ ಎರಡೂ ಮನೆ ಸೇರಿದ ಮೇಲೆ ಒಂದು ಬೆಳಿಗ್ಗೆ ಹೋದೆವು. ಗಾಳಿ ಏಳುವ ಮೊದಲು, ಆರೂವರೆಗೆ. ಎರೆ ಬಿರುಕು ಬಿಟ್ಟಿತ್ತು; ನಮ್ಮ ವಿಮಾನಕ್ಕೆ ಗಾಲಿಯಿಲ್ಲ, ಹೊಟ್ಟೆಯ ಮೇಲೆ ಇಳಿಯುತ್ತದೆ, ಹಾಗಾಗಿ ತೊಂದರೆಯಿರಲಿಲ್ಲ. ಮೊದಲು ರಿಮೋಟ್, ಆಮೇಲೆ ಬ್ಯಾಟರಿ. ಎಡ ಒತ್ತಿದರೆ ಚುಕ್ಕಾಣಿ ಎಡಕ್ಕೇ ತಿರುಗುತ್ತದೆಯೇ ಎಂದು ನೋಡಿದೆವು. ಸಿಗ್ನಲ್ ತಪ್ಪಿದರೆ ಮೋಟಾರು ತಾನೇ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿದೆವು. ಅಬ್ಬಾ ಬಂದಿದ್ದರು, ಇನ್ನೊಮ್ಮೆ ಎರಡು ಬೆರಳ ಮೇಲೆ ಹಿಡಿದು ನೋಡಿ ತಲೆಯಾಡಿಸಿದರು. ಆಯಿಯೂ ಬಂದು ನಮ್ಮ ಹಿಂದೆ ದೂರದ ಬದುವಿನ ಮೇಲೆ ಕೂತರು.

ಗಾಳಿಗೆದುರಾಗಿ ಎಸೆದೆವು. ಈ ಸಲ ಮೂಗು ಎಗರಲಿಲ್ಲ. ಸಮನಾಗಿ ಏರಿತು, ಹೊಲದ ಮೇಲೆ ದೊಡ್ಡ ಸುತ್ತು ಹಾಕಿತು. ಹದ್ದೊಂದು ಹತ್ತಿರ ಬಂದು ನೋಡಿ ಹೋಯಿತು. ಬ್ಯಾಟರಿಯಲ್ಲಿ ಇನ್ನೂ ಶಕ್ತಿಯಿದ್ದರೂ ಆರು ನಿಮಿಷಕ್ಕೆ ಗಡಿಯಾರ ಕೂಗಿದೊಡನೆ ಇಳಿಸಿದೆವು. ಒಣ ಮಣ್ಣಿನ ಮೇಲೆ ಉಜ್ಜುತ್ತ ಬಂದು ನಿಂತಿತು.

ಆಯಿ ಎದ್ದು ಬಂದು ಅದರ ರೆಕ್ಕೆ ಮುಟ್ಟಿ ನೋಡಿದರು, ಪ್ರೊಪೆಲ್ಲರಿನಿಂದ ಮಾತ್ರ ಕೈ ದೂರವಿಟ್ಟರು. "ಇನ್ನೊಮ್ಮಿ ಬಿಡ್ರೆಪಾ" ಎಂದರು.

ಅಷ್ಟರಲ್ಲಿ ದೂರದ ದಾರಿಯಲ್ಲಿ ಕುರಿ ಹಿಂಡು ಹೊಲದತ್ತ ತಿರುಗುತ್ತಿತ್ತು, ಹಿಂದೆ ಒಬ್ಬ ಹುಡುಗ. "ಇವತ್ತಿಗೆ ಸಾಕು, ಆಯಿ. ನಾಳಿ ಬರ್ತೀವಿ" ಎಂದು ಬ್ಯಾಟರಿ ಕಳಚಿದೆವು.