ಸೋರುವ ನೀರಿನ ಜಾಡು ಹಿಡಿದು

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆ ಎರೆಭೂಮಿಗೆ ಹೆಸರಾದುದು. ಜೋಳ, ಹತ್ತಿ, ಕಡಲೆಗಳು ಬೆಳೆಯುವ ಈ ಬಯಲಿನಲ್ಲಿ ಮಳೆ ಕಡಿಮೆ, ಮರಗಳು ವಿರಳ. ಬೇಸಗೆಯಲ್ಲಿ ನೆಲವು ಬಿರಿದು ಬಾಯ್ದೆರೆದಿರುತ್ತದೆ. ಇಲ್ಲಿಗೆ ಬರುವ ಪ್ರವಾಸಿಯು ಕೋಟೆಯನ್ನೋ ಗುಡಿಯನ್ನೋ ನೋಡಿಕೊಂಡು ಮುಂದೆ ಸಾಗುವುದೇ ವಾಡಿಕೆ. ಆದರೆ ಸೋರುವ ನೀರಿನ ಜಾಡನ್ನು ಹಿಡಿದು ಈ ಊರುಗಳನ್ನು ಸುತ್ತಿದವನಿಗೆ ಬೇರೆಯೇ ಒಂದು ಕಥೆ ದೊರೆಯುತ್ತದೆ. ಒಂದು ಕಡೆ ಆ ನೀರು ತೀರ್ಥವಾಗಿದೆ; ಇನ್ನೊಂದು ಕಡೆ ಕುಂಡವನ್ನು ತುಂಬಿದೆ; ಮತ್ತೊಂದು ಕಡೆ ಮನೆಯ ಬುಡವನ್ನೇ ಅಲುಗಿಸಿದೆ.

ಗಜೇಂದ್ರಗಡದ ಸಮೀಪದ ಬೆಟ್ಟದ ಮಗ್ಗುಲಲ್ಲಿ ಕಾಲಕಾಲೇಶ್ವರನ ಗುಡಿಯಿದೆ. ಜನರು ಇದನ್ನು ದಕ್ಷಿಣಕಾಶಿಯೆಂದು ಕರೆಯುತ್ತಾರೆ. ಮೆಟ್ಟಿಲುಗಳನ್ನೇರಿ ಹೋದರೆ ಬಂಡೆಯ ಸಂದಿನಿಂದ ಜಿನುಗುವ ನೀರು ಹೊಂಡಕ್ಕೆ ಬೀಳುವುದನ್ನು ಕಾಣಬಹುದು. ಇದಕ್ಕೆ ಅಂತರಗಂಗೆ ಎಂದು ಹೆಸರು. ಸುತ್ತಲಿನ ಹೊಲಗಳು ಒಣಗಿ ಕಾದಿರುವಾಗಲೂ ಇಲ್ಲಿ ನೀರಿನ ಸದ್ದು ಕೇಳಿಸುವುದೆಂದರೆ ಯಾತ್ರಿಕನು ಕೈಮುಗಿಯುವುದು ಸಹಜವೇ. ಶಾಸ್ತ್ರಜ್ಞನೂ ಇದನ್ನು ಅಲ್ಲಗಳೆಯಲಾರ, ದಾರಿಯನ್ನಷ್ಟೆ ತೋರಿಸಬಲ್ಲ. ಈ ಬೆಟ್ಟಗಳು ಮರಳುಗಲ್ಲಿನವು. ನೆತ್ತಿಯ ಮೇಲೆ ಸುರಿದ ಮಳೆ ಬಿರುಕುಗಳಲ್ಲಿ ಇಳಿಯುತ್ತದೆ. ಕೆಳಗೆ ನೀರನ್ನು ಬಿಡದ ಪದರವೊಂದು ಅಡ್ಡವಾದಾಗ ಪಕ್ಕಕ್ಕೆ ಸರಿಯುತ್ತದೆ. ಬೆಟ್ಟದ ಮಗ್ಗುಲು ತೆರೆದಲ್ಲಿ ಹೊರಗೆ ಬರುತ್ತದೆ. ನಾಲ್ಕು ತಿಂಗಳ ಮಳೆಯನ್ನು ಬೆಟ್ಟವು ಹೀಗೆ ವರ್ಷವಿಡೀ ಹಂಚಿಕೊಡುತ್ತದೆ. ನೀರು ಕಾಣಿಸಿಕೊಂಡ ಜಾಗವೇ ಅದು ಹೊಕ್ಕ ಜಾಗವಲ್ಲ ಎಂಬ ಮೊದಲ ಪಾಠ ಇಲ್ಲಿದೆ.

ಅಲ್ಲಿಂದ ರೋಣದ ಕಡೆಗೆ ಹೊರಟರೆ ಸೂಡಿ ಎಂಬ ಹಳೆಯ ಊರು ಸಿಕ್ಕುತ್ತದೆ. 11ನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಕಾಲಕ್ಕೆ ಇದು ವೈಭವದ ಪಟ್ಟಣವಾಗಿತ್ತು. ಜೋಡುಕಲಶದ ಗುಡಿಯಷ್ಟೇ ಇಲ್ಲಿಯ ನಾಗಕುಂಡವೂ ನೋಡತಕ್ಕದ್ದು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲನ್ನಿಟ್ಟು ಕಟ್ಟುವುದು ಆ ಕಾಲದ ಪದ್ಧತಿ. ಇಂಥ ಗೋಡೆಯು ಮಣ್ಣನ್ನು ತಡೆದು ನೀರನ್ನು ಬಿಡುತ್ತದೆ. ಸುತ್ತಣ ನೆಲದ ತೇವವು ಕಲ್ಲಿನ ಸಂದುಗಳಿಂದ ಇಳಿದು ಕುಂಡವನ್ನು ಸೇರುತ್ತದೆ. ಸೋರಿಕೆಯನ್ನೇ ಸಂಪತ್ತನ್ನಾಗಿ ಮಾಡಿಕೊಂಡ ಜಾಣ್ಮೆಯಿದು.

ರೋಣದಿಂದ ಹೊಳೆಆಲೂರಿಗೆ ಹೋದರೆ ಮಲಪ್ರಭೆಯ ದಡ. ಸೇತುವೆಗಳಿಲ್ಲದ ಕಾಲದಲ್ಲಿ ಉತ್ತರ ಕರ್ನಾಟಕದ ಹೊಳೆಗಳನ್ನು ಜನರು ದಾಟುತ್ತಿದ್ದುದು ಹರಿಗೋಲಿನಲ್ಲಿ. ಬಿದಿರಿನ ಬುಟ್ಟಿ, ಅದಕ್ಕೆ ತೊಗಲಿನ ಹೊದಿಕೆ. ಮುಂದೆ ತೊಗಲಿನ ಬದಲು ಡಾಂಬರು ಬಳಿದ ಚೀಲಗಳೂ ಬಂದವು. ದುಂಡಗಿನ ಈ ಬುಟ್ಟಿಯಲ್ಲಿ ಒಂದೆಡೆ ಒಳಬಂದ ನೀರು ಹರಿದು ಇನ್ನೊಂದೆಡೆ ನಿಲ್ಲುತ್ತದೆ. ನಿಂತ ಕಡೆ ಎಷ್ಟು ಡಾಂಬರು ಹಚ್ಚಿದರೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆಯೇ. ಆದ್ದರಿಂದ ಬಲ್ಲವರು ದೋಣಿಯನ್ನು ದಡಕ್ಕೆಳೆದು, ಒರೆಸಿ ಒಣಗಿಸಿ, ಒಳಗೆ ನೀರು ಹೊಯ್ದು, ಹೊರಗೆ ಎಲ್ಲಿ ಹನಿ ಮೂಡುತ್ತದೆಂದು ಕಾಯುತ್ತಾರೆ. ಹೊಳೆಯ ನೀರನ್ನು ಹೀರಿ ಹಿಂದಕ್ಕೆ ಚಿಮ್ಮಿಸುತ್ತ ಓಡುವ ಇಂದಿನ ಜೆಟ್ ದೋಣಿಗೂ ಇದೇ ಪರೀಕ್ಷೆ. ಅದರ ಯಂತ್ರದ ದಂಡವು ದೋಣಿಯ ಒಡಲನ್ನು ತೂರಿಹೋಗುವ ಕಡೆ, ನೀರು ಹೀರುವ ಬಾಯಿಯ ಸುತ್ತ, ತಳದ ಬಿರಡೆಯ ಬಳಿ, ಹೀಗೆ ಒಂದೊಂದನ್ನೇ ಒಣಗಿಸಿ ನೋಡಿದ ಹೊರತು ಕಳ್ಳ ಸಿಕ್ಕುವುದಿಲ್ಲ. ಸೆಕೆಂಡಿಗೆ ಒಂದೇ ಹನಿ ಬಿದ್ದರೂ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು ನೀರು ಕೂಡುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಹೊಳೆಆಲೂರು, ಕೊಣ್ಣೂರುಗಳ ಸುತ್ತ ಹಳ್ಳಿಗಳು ನೀರಿನಲ್ಲಿ ನಿಂತಾಗ, ಸೋರದ ದೋಣಿಯ ಬೆಲೆ ಏನೆಂಬುದು ಈ ಸೀಮೆಗೆ ಮತ್ತೊಮ್ಮೆ ತಿಳಿಯಿತು.

ಇನ್ನು ಪಶ್ಚಿಮಕ್ಕೆ ನರಗುಂದ. ಬಾಬಾಸಾಹೇಬ ಭಾವೆಯು 1858ರಲ್ಲಿ ಆಂಗ್ಲರ ವಿರುದ್ಧ ಬಂಡೆದ್ದ ಊರು. ಬೆಟ್ಟದ ಮೇಲಿನ ಕೋಟೆಯನ್ನು ಎಲ್ಲರೂ ನೋಡುತ್ತಾರೆ. ಕಾಲ ಕೆಳಗೆ ಅಡಗಿರುವ ಹಗೇವುಗಳನ್ನು ಯಾರೂ ನೋಡುವುದಿಲ್ಲ. ಹಗೇವು ಎಂದರೆ ಕಾಳು ಕೂಡಿಡಲು ನೆಲದಲ್ಲಿ ತೋಡಿದ ಗುಂಡಿ. ಬಾಯಿ ಕಿರಿದು, ಹೊಟ್ಟೆ ಹಿರಿದು. ಮನೆಯೊಳಗೂ ಓಣಿಯಲ್ಲೂ ಹಿರಿಯರು ಇವನ್ನು ತೋಡಿದ್ದರು. ನೆಲ ಒಣಗಿದ್ದ ಕಾಲದಲ್ಲಿ ಜೋಳವು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಬರಗಾಲದಲ್ಲಿ ಊರನ್ನು ಕಾಯುತ್ತಿತ್ತು.

1970ರ ದಶಕದಲ್ಲಿ ಸವದತ್ತಿಯ ಬಳಿಯ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ಈ ನಾಡಿಗೆ ಬಂದಿತು. ಬಂದ ನೀರು ಎಲ್ಲರಿಗೂ ಸಮನಾಗಿ ಬರಲಿಲ್ಲ. ಕೆಲವರ ಹೊಲಕ್ಕೆ ನೀರೇ ತಲುಪಲಿಲ್ಲ. ಕೆಲವರ ಹೊಲ ನೀರು ನಿಂತು ಸವುಳಾಯಿತು. ಕರ ಮಾತ್ರ ಎಲ್ಲರಿಗೂ ಬಂದಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಸಿಡಿದ ರೈತ ಬಂಡಾಯದ ಹಿಂದೆ ಈ ಕಹಿಯೂ ಇತ್ತು. ಎರೆಮಣ್ಣಿನ ಗುಣವೇ ಅಂಥದು: ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಕಾಲುವೆಯ ಕಲ್ಲು, ಅದರೊಳಗೆ ಹೂಳಿದ ಕೊಳವೆ ಯಾವುದೂ ನೆಮ್ಮದಿಯಿಂದ ಇರಲಾರದು.

2019ರಿಂದೀಚೆಗೆ ನರಗುಂದ ಪಟ್ಟಣದಲ್ಲಿ ನೆಲ ಕುಸಿದ ಸುದ್ದಿಗಳು ಮೇಲಿಂದ ಮೇಲೆ ಬಂದವು. ಅಂತರ್ಜಲ ಮೇಲೇರಿ ಮರೆತುಹೋದ ಹಗೇವುಗಳ ಗೋಡೆಯನ್ನು ನೆನೆಸಿದಾಗ, ಮೇಲಿನ ಮಣ್ಣು ಒಮ್ಮೆಲೇ ಒಳಗೆ ಜಾರುತ್ತದೆ. ನಿನ್ನೆ ಮಕ್ಕಳು ಆಡಿದ ಅಂಗಳದಲ್ಲಿ ಇಂದು ಆಳದ ಗುಂಡಿ! ಒಂದು ಕಾಲಕ್ಕೆ ಅನ್ನ ಕಾಯ್ದ ಗುಂಡಿಯೇ ಈಗ ಮನೆಯನ್ನು ನುಂಗಲು ಬಾಯ್ದೆರೆದಿದೆ.

ಕುಸಿದ ಗುಂಡಿಗೆ ಮಣ್ಣು ತುಂಬುವುದು ಅಗತ್ಯವೇ. ಆದರೆ ಅದು ಹರಿಗೋಲಿನಲ್ಲಿ ನೀರು ನಿಂತ ಕಡೆ ಡಾಂಬರು ಹಚ್ಚಿದಂತೆ. ನೀರು ಹೊಕ್ಕ ದಾರಿಯನ್ನು ಹುಡುಕಬೇಕು. ಮಳೆಯೋ, ಕಾಲುವೆಯೋ, ಕೆರೆಯೋ, ನಲ್ಲಿಯ ಕೊಳವೆಯೋ, ಚರಂಡಿಯೋ? ಇಲ್ಲಿಯೂ ಒಂದೊಂದನ್ನೇ ಬೇರ್ಪಡಿಸಿ ನೋಡಬೇಕು. ಬಾವಿಯ ಗೋಡೆಗೆ ಗುರುತು ಹಾಕಿ, ಕಾಲುವೆ ಹರಿಯುವಾಗಲೂ ನಿಂತಾಗಲೂ ಮಟ್ಟವನ್ನು ಅಳೆದರೆ ಕಾಲುವೆಯ ಪಾಲು ತಿಳಿಯುತ್ತದೆ. ರಾತ್ರಿ ಎಲ್ಲ ನಲ್ಲಿಗಳನ್ನೂ ಕಟ್ಟಿದ ಮೇಲೆಯೂ ಮಾಪಕದ ಮುಳ್ಳು ತಿರುಗುತ್ತಿದ್ದರೆ ಕೊಳವೆ ಒಡೆದಿದೆಯೆಂದೇ ಅರ್ಥ. ಜಿನುಗಿದ ನೀರಿನಲ್ಲಿ ಕ್ಲೋರಿನ್ ಇದ್ದರೆ ನಲ್ಲಿಯದೆಂಬ ಗುಮಾನಿ ಬಲವಾಗುತ್ತದೆ. ಮಲಿನವಿದ್ದರೆ ಚರಂಡಿಯ ಕಡೆ ತಿರುಗಬೇಕು. ಒಂದಲ್ಲ, ಹಲವು ದಾರಿಗಳು ಕೂಡಿರುವುದೂ ಉಂಟು. ಇದರೊಂದಿಗೆ ಯಾವ ಮನೆಯ ಕೆಳಗೆ ಹಗೇವು ಇದೆಯೆಂಬುದನ್ನು ಹಳಬರನ್ನು ಕೇಳಿ ಬರೆದಿಡಬೇಕು. ಆ ನೆನಪು ಯಾವ ಕಚೇರಿಯ ನಕ್ಷೆಯಲ್ಲೂ ಸಿಕ್ಕುವಂಥದಲ್ಲ. ಹಿರಿಯರೊಂದಿಗೆ ಅದು ಹೋಗಿಬಿಟ್ಟರೆ ನೆಲ ಕುಸಿದ ದಿನವೇ ತಿಳಿಯಬೇಕಾದೀತು.

ನರಗುಂದದ ಬೆಟ್ಟವನ್ನೇರಿ ನಿಂತವನಿಗೆ ಕೆಳಗೆ ಊರಿನ ಮಾಳಿಗೆಗಳೂ, ಅದರಾಚೆ ಹಬ್ಬಿದ ಎರೆಹೊಲಗಳೂ ಕಾಣುತ್ತವೆ. ನೀರಿಗಾಗಿ ತಲೆತಲಾಂತರ ಮುಗಿಲನ್ನು ನೋಡಿದ ಜನ ಇವರು. ಈಗ ಅವರು ಕಾಲ ಕೆಳಗಿನ ನೆಲವನ್ನೂ ಅಷ್ಟೇ ಎಚ್ಚರದಿಂದ ನೋಡಬೇಕಾಗಿದೆ.