ಮಸ್ಕಿಯ ಬಂಡೆ ಧ್ರುವದ ನೆರೆಯಲ್ಲಿದ್ದಾಗ

ಸಿಂಧನೂರಿನಲ್ಲಿ ಏಪ್ರಿಲ್ ತಿಂಗಳ ಬಿಸಿಲು ಬೆಳಿಗ್ಗೆ ಒಂಬತ್ತಕ್ಕೇ ನೆತ್ತಿಗೇರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಹಿಡಿದು ನಡೆಯುತ್ತಿದ್ದೇನೆ. ಕಾಲುವೆಯ ಈ ಪಕ್ಕ ಎರಡನೇ ಬೆಳೆ ಭತ್ತ ಹಳದಿಗೆ ತಿರುಗಿದೆ. ದೂರದಲ್ಲಿ ಕಟಾವು ಮಷೀನು ಗುರುಗುಟ್ಟುತ್ತಿದೆ, ಅದರ ಬೆನ್ನಿಗೆ ಬೆಳ್ಳಕ್ಕಿಗಳ ದಂಡು. ಬಾಂಗ್ಲಾ ಕ್ಯಾಂಪಿನ ಹುಡುಗನೊಬ್ಬ ಮೀನಿನ ಬುಟ್ಟಿ ಕಟ್ಟಿದ ಸೈಕಲ್ಲಿನಲ್ಲಿ ಗಂಟೆ ಬಾರಿಸುತ್ತ ದಾಟಿಹೋಗುತ್ತಾನೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಈ ತಾಲ್ಲೂಕಿನಲ್ಲಿ ನೆಲೆ ಸಿಕ್ಕಿತ್ತು. ಹುಡುಗನ ಕನ್ನಡ ಅಪ್ಪಟ ಸಿಂಧನೂರಿನದು.

ಇಂಥ ಕಾವಿನಲ್ಲಿ ನಾನು ಹುಡುಕಿಕೊಂಡು ಬಂದಿರುವುದು ಹಿಮವನ್ನು. ಹೇಳಿದರೆ ಜನ ನಗುತ್ತಾರೆ, ನಗಲಿ. ಮೂವತ್ತು ಕೋಟಿ ವರ್ಷಗಳ ಹಿಂದೆ ನಮ್ಮ ದಖನ್ನಿನ ನೆಲ ಅಂಟಾರ್ಕ್ಟಿಕಾ, ಆಫ್ರಿಕಾ, ಆಸ್ಟ್ರೇಲಿಯಾಗಳೊಂದಿಗೆ ಬೆಸೆದುಕೊಂಡು ಗೊಂಡ್ವಾನಾ ಎಂಬ ಒಂದೇ ಖಂಡವಾಗಿ ದಕ್ಷಿಣ ಧ್ರುವದ ನೆರೆಯಲ್ಲಿತ್ತು. ಆ ಖಂಡದ ಮೇಲೆ ಹಿಮದ ಹಾಳೆಗಳು ಹಬ್ಬಿದ್ದವು. ಅವು ಉರುಳಿಸಿ ತಂದ ಗುಂಡುಕಲ್ಲುಗಳ ಪದರವನ್ನು 1856ರಲ್ಲಿ ಭೂವಿಜ್ಞಾನಿಗಳಾದ ಬ್ಲ್ಯಾನ್‌ಫರ್ಡ್ ಸಹೋದರರು ಒಡಿಶಾದ ತಾಲ್ಚೇರಿನಲ್ಲಿ ಗುರುತಿಸಿದರು. ಹಿಮ ಕೆರೆದ ಗೀರುಗಳು ಮಹಾರಾಷ್ಟ್ರದ ಚಂದ್ರಾಪುರದ ಕಡೆ, ಪೈನಗಂಗೆಯ ದಂಡೆಯ ಇರಾಯಿಯಲ್ಲಿ ಇಂದಿಗೂ ಕಾಣುತ್ತವೆ. ನಾನು ನಡೆಯುತ್ತಿರುವ ಈ ರಾಯಚೂರು ಸೀಮೆಯ ಕಲ್ಲು ಆಗಲೇ ಮುದಿಯಾಗಿತ್ತು. ಅದರ ವಯಸ್ಸು ಸುಮಾರು ಇನ್ನೂರೈವತ್ತು ಕೋಟಿ ವರ್ಷ. ಅಷ್ಟು ಬಾಳಿದ ಕಲ್ಲಿಗೆ ಧ್ರುವದ ಚಳಿಗಾಳಿ ನಿನ್ನೆ ಮೊನ್ನೆಯ ಸಂಗತಿ.

ಮಸ್ಕಿ ಹತ್ತಿರವಾದಂತೆ ಹಸಿರು ಕರಗಿ ಎರಿಭೂಮಿಯ ಕಪ್ಪು ಬಿರುಕುಗಳು ತೆರೆದುಕೊಳ್ಳುತ್ತವೆ. ಅದರ ನಡುವೆ ಒಮ್ಮೆಲೇ ಕೆಂಪು ಬಂಡೆಗಳ ಗುಡ್ಡ ಏಳುತ್ತದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅಶೋಕನ ಶಾಸನವನ್ನು ಕಂಡದ್ದು ಇಲ್ಲಿಯೇ. 'ದೇವಾನಾಂಪ್ರಿಯ' ಎಂಬ ಬಿರುದಿನ ಹಿಂದೆ ಅವಿತಿದ್ದ ದೊರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಮೊದಲ ಕಲ್ಲು ಇದು. ಬ್ರಾಹ್ಮಿಯ ಗೆರೆಗಳತ್ತ ಬಗ್ಗುತ್ತೇನೆ. ಬಂಡೆಯ ಮೇಲ್ಪದರ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ನಿಂತಿದೆ. ಮುಟ್ಟಿದರೆ ಅಂಗೈ ಸುಡುತ್ತದೆ. ಬಿಸಿಲು ಮಳೆಗಳು ಸುಲಿದು ಸುಲಿದು ಹಾಕಿದ ಈ ಮೈಮೇಲೆ ಹಿಮದ ಗೀರು ಹುಡುಕಿ ಫಲವಿಲ್ಲ.

ನೆರಳಿನಲ್ಲಿ ಕೂತ ಕುರಿಗಾಹಿ ಅಜ್ಜ ಕೇಳುತ್ತಾನೆ: "ಏನ್ ನೋಡಾಕ ಬಂದೀ ತಮ್ಮಾ?"

"ಕಲ್ಲು ನೋಡಾಕ ಅಜ್ಜಾ. ಈ ನೆಲ ಒಂದ್ ಕಾಲಕ್ಕ ಬರ್ಫಿನ ದೇಶದ ಮಗ್ಗುಲಾಗ ಇತ್ತಂತ."

ಅಜ್ಜ ಗುಡ್ಡದ ನೆತ್ತಿಯವರೆಗೂ ಕಣ್ಣಾಡಿಸಿ ಹೇಳುತ್ತಾನೆ: "ಹಂಗಾದ್ರ ಒಂದೀಟು ಉಳಿಸಿ ಬರಬೇಕಿತ್ತಲ್ಲೋ!"

ಆ ಬರ್ಫೆಲ್ಲ ಈಗ ನಮ್ಮ ಹಳೆಯ ಜೋಡಿಯ ಪಾಲಾಗಿದೆ. ಸುಮಾರು ಹದಿಮೂರು ಕೋಟಿ ವರ್ಷಗಳ ಹಿಂದೆ ಬಿಟ್ಟುಬಂದ ಅಂಟಾರ್ಕ್ಟಿಕಾದ ಮೇಲೆ ಸರಾಸರಿ ಎರಡು ಕಿಲೋಮೀಟರ್ ದಪ್ಪದ ಹಿಮವಿದೆ. ಬಾನಿನಿಂದ ಅಲ್ಲಿಗೆ ಬೀಳುವುದೋ ತೀರ ಕಡಿಮೆ. ಒಳನಾಡಿನಲ್ಲಿ ವರ್ಷವಿಡೀ ಬೀಳುವ ಹಿಮವನ್ನು ಕರಗಿಸಿದರೆ 50 ಮಿಲಿಮೀಟರ್ ನೀರೂ ಆಗದು. ಬರದ ಸೀಮೆ ಎಂದು ನಾವು ಗೊಣಗುವ ರಾಯಚೂರು ಅದರ ಮುಂದೆ ಮಲೆನಾಡು! ಬಿದ್ದದ್ದು ಕರಗುವುದಿಲ್ಲ, ಹಾಗಾಗಿ ಲಕ್ಷಾಂತರ ವರ್ಷಗಳಿಂದ ಒಟ್ಟುತ್ತಲೇ ಹೋಗಿದೆ. ನಡುಭಾಗದಲ್ಲಿ ತಣ್ಣಗಾಗಿ ಭಾರವಾದ ಗಾಳಿ ಇಳಿಜಾರು ಹಿಡಿದು ಕರಾವಳಿಗೆ ಧುಮ್ಮಿಕ್ಕುತ್ತದೆ, ದಾರಿಯುದ್ದಕ್ಕೂ ಹಿಮವನ್ನು ಕೊರೆದು ಸಾಲುಸಾಲು ದಿಬ್ಬ ಮಾಡುತ್ತದೆ.

ಈ ಕಟ್ಟುಪಾಡೂ ಒಮ್ಮೊಮ್ಮೆ ಮುರಿಯುತ್ತದೆ. 2022ರ ಮಾರ್ಚ್‌ನಲ್ಲಿ ಉತ್ತರದ ಕಡಲುಗಳಿಂದ ಹೊರಟ ತೇವದ ಗಾಳಿ ಹೊಳೆಯಂತೆ ಪೂರ್ವ ಅಂಟಾರ್ಕ್ಟಿಕಾದೊಳಗೆ ನುಗ್ಗಿತು. ಒಳನಾಡಿನ ಉಷ್ಣತೆ ಆ ದಿನಗಳ ಸರಾಸರಿಗಿಂತ 38 ಡಿಗ್ರಿಗೂ ಮೇಲೇರಿತು. ಅದೇ ವಾರ ಕರಾವಳಿಯ ಕಾಂಗರ್ ಎಂಬ ಹಿಮಚಾಚು, ಸುಮಾರು 1,200 ಚದರ ಕಿಲೋಮೀಟರ್, ಒಡೆದು ಕಳಚಿಹೋಯಿತು. ವಿಚಿತ್ರವೆಂದರೆ ಅದೇ ಗಾಳಿ ಒಳಗಡೆ ಭಾರಿ ಹಿಮ ಸುರಿಸಿ ಹಾಳೆಗೆ ತೂಕವನ್ನೂ ಕೂಡಿಸಿತು. ಬಂದ ಹಿಮ, ಹೋದ ಹಿಮಗಳ ಲೆಕ್ಕ ಅಲ್ಲಿ ಅಷ್ಟು ಸಲೀಸಲ್ಲ.

ಲಿಂಗಸುಗೂರು ದಾಟಿ ಹಟ್ಟಿಯ ದಾರಿ ಹಿಡಿಯುತ್ತೇನೆ. ಚಿನ್ನದ ಗಣಿಯ ಬೂದುಬಣ್ಣದ ಪುಡಿಗುಡ್ಡೆಗಳು ಮೊದಲು ಕಾಣುತ್ತವೆ, ಆಮೇಲೆ ಕಬ್ಬಿಣದ ಗೋಪುರ. ಎರಡು ಸಾವಿರ ವರ್ಷದ ಹಿಂದೆಯೇ ಇಲ್ಲಿಯವರು ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ಸಿಡಿಸಿ, ಇನ್ನೂರು ಮೀಟರಿನ ಹತ್ತಿರದವರೆಗೂ ಚಿನ್ನದ ಎಳೆಯನ್ನು ಬೆನ್ನಟ್ಟಿ ಇಳಿದಿದ್ದರು. ಆ ಹೊಗೆಯಲ್ಲಿ ಉಸಿರು ಹೇಗೆ ಹಿಡಿದರೋ! ಅಂಟಾರ್ಕ್ಟಿಕಾದಲ್ಲೂ ತೋಡುವವರಿದ್ದಾರೆ, ಅವರಿಗೆ ಬೇಕಾದದ್ದು ಹಳೆಯ ಗಾಳಿ. 2025ರ ಜನವರಿಯಲ್ಲಿ ಯುರೋಪಿನ ತಂಡವೊಂದು 2,800 ಮೀಟರ್ ಕೊರೆದು ಹನ್ನೆರಡು ಲಕ್ಷ ವರ್ಷ ಹಳೆಯ ಹಿಮವನ್ನು ಮೇಲೆತ್ತಿತು. ಅದರ ಗುಳ್ಳೆಗಳೊಳಗೆ ಆ ಕಾಲದ ಗಾಳಿ ಸಿಕ್ಕಿಕೊಂಡಿದೆ.

ಸಂಜೆ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಕರಿಯುವ ಎಣ್ಣೆಯ ಘಾಟು. ಪಕ್ಕದಲ್ಲಿ ಕೂತ ರೈತರೊಬ್ಬರ ಹೊಲ ಕಾಲುವೆಗೆ ದೂರ, ಎಲ್ಲ ಮಳೆಯ ಮೇಲೆಯೇ. ಮುಂಗಾರಿಗಿಂತ ಅವರಿಗೆ ಹುಬ್ಬಿ, ಉತ್ತರಿ ಮಳೆಗಳದೇ ಚಿಂತೆ. ಅವು ಬೀಳುವ ಸೆಪ್ಟೆಂಬರೇ ಈ ಸೀಮೆಗೆ ಹೆಚ್ಚು ಮಳೆ ತರುವ ತಿಂಗಳು. ಆರ್ಕ್ಟಿಕ್‌ನ ಕಾರಾ ಸಮುದ್ರದಲ್ಲಿ ಬೇಸಿಗೆಯ ಹಿಮ ಕಡಿಮೆಯಾದ ವರ್ಷಗಳಿಗೂ ಮಧ್ಯಭಾರತದ ಸೆಪ್ಟೆಂಬರ್ ಜಡಿಮಳೆಗೂ ನಂಟಿರಬಹುದೆಂದು ಗೋವಾದ ಧ್ರುವ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೇಳಿದ್ದನ್ನು ಅವರಿಗೆ ತಿಳಿಸುತ್ತೇನೆ.

"ಜಡಿಮಳಿ ಒಯ್ದು ಏನ್ ಮಾಡ್ಲಿರಿ?" ಎನ್ನುತ್ತಾರೆ ಅವರು. "ಉತ್ತರಿ ಹದಾ ಆಗಿ ಬರಬೇಕ್ರಿ. ನೆಲ ನೆನೀಬೇಕು, ಆಮ್ಯಾಲ ಆರಬೇಕು, ಆವಾಗ ಹಿಂಗಾರಿ ಜ್ವಾಳ ಬಿತ್ತೋದು. ಎಂಟು ದಿನ ಒಂದೇ ಸಮ ಹೊಡೀತಂದ್ರ ಎರಿಯಾಗ ಕೂರಿಗಿ ಹೋಗಂಗಿಲ್ಲ."

ಮುದಗಲ್ ಬಸ್ಸು ಬಂದು ನಿಲ್ಲುತ್ತದೆ. ಅವರು ಟವೆಲ್ ಕೊಡವಿ ಏಳುತ್ತ, ಆ ಕಾರಾ ಸಮುದ್ರದಲ್ಲಿ ಈ ವರ್ಷ ಹಿಮ ಹೇಗಿದೆ ಎಂದು ಕೇಳುತ್ತಾರೆ.